ಓದುಗರ ಪ್ರಶ್ನೆ: ಸಾಲ ಕುತ್ತಿಗೆಗೆ ಬಂದಾಗ ಯಾರಿಗೆ ಮೊದಲು ಕೊಡಬೇಕು?

ಸಾಲದ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಆಯ್ದು ನಮ್ಮ ಹಣಕಾಸು ಮತ್ತು ಕಾನೂನು ಸಲಹೆಗಾರರು ಇಲ್ಲಿ ಉತ್ತರಿಸಿದ್ದಾರೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರುಗಳನ್ನು ಬಿಟ್ಟಿದ್ದೇವೆ.

ಬೆಂಗಳೂರಿನಲ್ಲಿ ಖಾಸಗಿ ಕಂಪನಿಯ ಕೆಲಸ, ಕೈಗೆ ಬರುವ ಸಂಬಳ 42,000 ರೂ. ಒಂದು ಕ್ರೆಡಿಟ್ ಕಾರ್ಡ್‌ನಲ್ಲಿ 1,80,000, ಇನ್ನೊಂದರಲ್ಲಿ 95,000, ಪರ್ಸನಲ್ ಲೋನ್ 3,20,000 (ಇಎಂಐ 11,400), ಮೂರು ಆಪ್‌ಗಳಲ್ಲಿ 60,000, ಭಾವಮೈದುನನ ಕೈಸಾಲ 1 ಲಕ್ಷ. ಕಾರ್ಡ್‌ಗಳಿಗೆ ಮಿನಿಮಮ್ ಮಾತ್ರ ಕಟ್ಟಿದರೂ ತಿಂಗಳಿಗೆ 43,000 ದಾಟುತ್ತದೆ. ಆಪ್‌ನಿಂದ ತೆಗೆದು ಕಾರ್ಡ್‌ಗೆ, ಕಾರ್ಡ್‌ನಿಂದ ಆಪ್‌ಗೆ ತಿರುಗಿಸುತ್ತಿದ್ದೇನೆ. ಹೆಂಡತಿಗೆ ಪೂರ್ತಿ ಗೊತ್ತಿಲ್ಲ. ಅವಳ ಬಳಿ 25 ಗ್ರಾಂ ಚಿನ್ನ ಇದೆ. ಎಲ್ಲಿಂದ ಶುರು ಮಾಡಲಿ?

ತಿರುಗಿಸುವುದನ್ನು ನಿಲ್ಲಿಸುವುದರಿಂದ. ಈ ತಿಂಗಳಿನಿಂದ ಹೊಸ ಸಾಲ ಒಂದು ರೂಪಾಯಿಯೂ ಬೇಡ, ಯಾವ ಕಂತು ತಪ್ಪಿದರೂ ಸರಿ. ಕಂತು ತಪ್ಪಿದರೆ ದಂಡ ಬೀಳುತ್ತದೆ, ಕ್ರೆಡಿಟ್ ಸ್ಕೋರ್ ಇಳಿಯುತ್ತದೆ. ತಿರುಗಿಸುತ್ತ ಹೋದರೆ ಅಸಲೇ ಬೆಳೆಯುತ್ತದೆ.

ಮಿನಿಮಮ್ ಕಟ್ಟುವುದರ ಲೆಕ್ಕ ನೋಡಿ. ಹೆಚ್ಚಿನ ಕಾರ್ಡ್‌ಗಳಲ್ಲಿ ಬಡ್ಡಿ ತಿಂಗಳಿಗೆ ಶೇ 3.5ರ ಆಸುಪಾಸು ಇರುತ್ತದೆ. 1,80,000ಕ್ಕೆ ಅದು 6,300. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ, 1,134. ಒಟ್ಟು 7,434. ಮಿನಿಮಮ್ ಶೇ 5 ಎಂದರೆ ನೀವು ಕಟ್ಟುವುದು 9,000. ಅಸಲಿಗೆ ಹೋದದ್ದು 1,566 ರೂಪಾಯಿ. ಬಾಕಿ ಇರುವ ಕಾರ್ಡ್‌ಗೆ ಬಡ್ಡಿಯಿಲ್ಲದ ಅವಧಿ ಅನ್ವಯಿಸುವುದಿಲ್ಲ. ಅದೇ ಕಾರ್ಡ್ ಉಜ್ಜಿ ಇವತ್ತು ಸಾವಿರ ರೂಪಾಯಿಯ ದಿನಸಿ ತಂದರೆ ಇವತ್ತಿನಿಂದಲೇ ಬಡ್ಡಿ ಓಡುತ್ತದೆ.

ಒಂದು ಹಾಳೆಯಲ್ಲಿ ಐದು ಅಂಕಣ ಎಳೆಯಿರಿ: ಯಾರಿಗೆ, ಅಸಲು ಎಷ್ಟು ಬಾಕಿ, ಬಡ್ಡಿ ಎಷ್ಟು, ಯಾವ ತಾರೀಖು, ಕಟ್ಟದಿದ್ದರೆ ಏನಾಗುತ್ತದೆ. ಐದನೆಯದನ್ನು ಯಾರೂ ಬರೆಯುವುದಿಲ್ಲ, ಯಾರಿಗೆ ಮೊದಲು ಕೊಡಬೇಕೆಂದು ಹೇಳುವುದು ಅದೇ. ದಿನಕ್ಕೆ ಹತ್ತು ಸಲ ಫೋನ್ ಮಾಡುವ ಆಪ್‌ನವನಿಗೆ ಮೊದಲು ಕೊಟ್ಟು ಮನೆ ಬಾಡಿಗೆ ನಿಲ್ಲಿಸುವವರು ಬಹಳ ಜನ. ಹೆಚ್ಚು ಕೂಗುವವನು ಹೆಚ್ಚು ಹಾನಿ ಮಾಡಬಲ್ಲವನು ಎಂದೇನೂ ಇಲ್ಲ. ಮನೆ, ಒಡವೆ, ವಾಹನದ ಮೇಲಿನ ಸಾಲ ಇದ್ದರೆ ಅದು ಮೊದಲು. ಚೆಕ್ ಕೊಟ್ಟದ್ದು ಆಮೇಲೆ. ಉಳಿದವುಗಳಲ್ಲಿ ಬಡ್ಡಿ ಹೆಚ್ಚಿರುವುದು ಮುಂದೆ.

ಮನೆ ಖರ್ಚನ್ನು ಸಾಲಕ್ಕಿಂತ ಮೊದಲು ತೆಗೆದಿಡಿ. ನೀವು ಕಳಿಸಿದ ವಿವರದಂತೆ ಬಾಡಿಗೆ 11,000, ದಿನಸಿ-ಹಾಲು-ಗ್ಯಾಸ್ 9,000, ಮಗುವಿನ ಶಾಲೆ 3,500, ಬಸ್-ಕರೆಂಟ್-ಫೋನ್ 3,000, ಔಷಧಿ 1,500. ಒಟ್ಟು 28,000. ಸಾಲಕ್ಕೆ ಉಳಿಯುವುದು 14,000. ಇನ್ನು ಮಾತುಕತೆಯೆಲ್ಲ ಈ 14,000ದ ಒಳಗೆ. ಫೋನಿನಲ್ಲಿ ಹೆದರಿ ‘ಆಯ್ತು, ನಾಡಿದ್ದು ಇಪ್ಪತ್ತು ಕಟ್ತೀನಿ’ ಎಂದು ಬಾಯಿಗೆ ಬಂದ ಮಾತು ಕೊಡಬೇಡಿ.

ಹೆಂಡತಿಗೆ ಇವತ್ತೇ ಹಾಳೆ ತೋರಿಸಿ. ಚಿನ್ನ ಅವರದು, ಮಾರುವ ತೀರ್ಮಾನವೂ ಅವರದೇ. ಅವರು ಒಪ್ಪಿದರೆ ಅಡ ಇಡುವುದಕ್ಕಿಂತ ಮಾರುವುದು ಮೇಲು. ಅಡ ಇಟ್ಟರೆ ಹಾಳೆಯಲ್ಲಿ ಇನ್ನೊಂದು ಸಾಲ ಸೇರುತ್ತದೆ. ಈಗಿನ ದರದಲ್ಲಿ 25 ಗ್ರಾಂಗೆ ಬರುವ ಹಣದಲ್ಲಿ ಆಪ್‌ಗಳ 60,000 ಮತ್ತು ಚಿಕ್ಕ ಕಾರ್ಡ್‌ನ 95,000 ಎರಡೂ ತೀರಬೇಕು. ತೀರಿದ ದಿನವೇ ಆ ಕಾರ್ಡ್ ಮುಚ್ಚಿಸಿ. ಖಾಲಿ ಕಾರ್ಡ್ ಜೇಬಿನಲ್ಲಿದ್ದರೆ ಆರು ತಿಂಗಳಲ್ಲಿ ಮತ್ತೆ ತುಂಬುತ್ತದೆ.

ದೊಡ್ಡ ಕಾರ್ಡ್‌ನ 1,80,000ವನ್ನು ಇಎಂಐಗೆ ಪರಿವರ್ತಿಸಲು ಬ್ಯಾಂಕಿಗೆ ಇಮೇಲ್ ಮಾಡಿ. ಕಂತು ತಪ್ಪುವ ಮೊದಲೇ ಕೇಳಿದವರಿಗೆ ಇದು ಸುಲಭವಾಗಿ ಸಿಗುತ್ತದೆ. ಶೇ 18ರಂತೆ 48 ತಿಂಗಳಿಗೆ ಸಿಕ್ಕರೆ ಕಂತು ಸುಮಾರು 5,290. ಪರ್ಸನಲ್ ಲೋನ್‌ನ ಅವಧಿ 60 ತಿಂಗಳಿಗೆ ಹಿಗ್ಗಿ ಬಡ್ಡಿ ಶೇ 15 ಇದ್ದರೆ ಕಂತು 7,610ರ ಸುಮಾರು. ಎರಡೂ ಸೇರಿ 12,900, ಕಾರ್ಡ್ ಬಡ್ಡಿಯ ಜಿಎಸ್‌ಟಿ ಮೊದಲ ತಿಂಗಳು 486. ಕೈಯಲ್ಲಿ ಆರುನೂರು ಉಳಿಯಿತು. ಬಿಗಿ, ಆದರೆ ನಡೆಯುತ್ತದೆ. ಅವಧಿ ಹಿಗ್ಗಿಸಿದ್ದು ಕ್ರೆಡಿಟ್ ವರದಿಯಲ್ಲಿ ‘ರೀಸ್ಟ್ರಕ್ಚರ್ಡ್’ ಎಂದು ಕಾಣಬಹುದು. ಸದ್ಯ ಅದು ನಿಮ್ಮ ಚಿಂತೆಯಾಗಬೇಕಿಲ್ಲ. ಭಾವಮೈದುನ ಕೊನೆಗೆ. ಆದರೆ ಅವರ ಎದುರು ಕೂತು ಯಾವ ವರ್ಷದಿಂದ ಕೊಡಬಲ್ಲಿರಿ ಎಂದು ಹೇಳಿ.

ಇನ್ನೆರಡು ವಿಷಯ. ಸಂಬಳದ ಖಾತೆ ಸಾಲ ಕೊಟ್ಟ ಬ್ಯಾಂಕಿನಲ್ಲೇ ಇದ್ದರೆ ಬ್ಯಾಂಕ್ ಬಾಕಿಗೆ ಅದರಿಂದ ಹಿಡಿದುಕೊಳ್ಳಬಹುದು, ಸಂಬಳವನ್ನು ಬೇರೆ ಬ್ಯಾಂಕಿಗೆ ಬದಲಿಸಿಕೊಳ್ಳಿ. ಖಾತೆಯಲ್ಲಿ ಹಣವಿಲ್ಲದೆ ಆಟೊ ಡೆಬಿಟ್ ಬೌನ್ಸ್ ಆದರೆ ನಿಮ್ಮ ಬ್ಯಾಂಕೂ ದಂಡ ಹಾಕುತ್ತದೆ, ಸಾಲ ಕೊಟ್ಟವರೂ ಹಾಕುತ್ತಾರೆ. ಪಾವತಿ ವ್ಯವಸ್ಥೆಗಳ ಕಾಯ್ದೆಯಡಿ ಚೆಕ್ ಬೌನ್ಸ್‌ನಂಥದೇ ಕೇಸಿಗೂ ಅವಕಾಶವಿದೆ. ಹಾಗಾಗಿ ಕಂತು ಇಳಿಸಲು ತಾರೀಖಿಗೆ ಮುಂಚೆ ಬರೆದು ಕೇಳಿ.

ವಸೂಲಿಯವರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ ಎಂಬುದು ರಿಸರ್ವ್ ಬ್ಯಾಂಕಿನ 2022ರ ಸೂಚನೆ. ಅವಮಾನಿಸುವುದು, ಮನೆಯವರಿಗೆ, ಸ್ನೇಹಿತರಿಗೆ ಫೋನ್ ಮಾಡಿ ಕಾಡುವುದು ಕೂಡ ನಿಷಿದ್ಧ. ಸಾಲ ಕೊಟ್ಟ ಸಂಸ್ಥೆಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿಯಿಲ್ಲದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ, ಅಂದರೆ ಗ್ರಾಹಕರ ದೂರು ವಿಚಾರಿಸುವ ಅಧಿಕಾರಿಗೆ. ಸಹಾಯವಾಣಿ 14448, ಶುಲ್ಕವಿಲ್ಲ. ‘ಕಂತು ನಿಲ್ಲಿಸಿ, ಫೀಸು ನಮಗೆ ಕೊಡಿ, ಸಾಲ ಅರ್ಧಕ್ಕೆ ಇಳಿಸಿಕೊಡುತ್ತೇವೆ’ ಎನ್ನುವ ಕಂಪನಿಗಳ ಹತ್ತಿರ ಹೋಗಬೇಡಿ. ಅವರು ಬರೆಯುವ ಪತ್ರವನ್ನು ನೀವೇ ಬರೆಯಬಹುದು.

ಹಾವೇರಿ ಜಿಲ್ಲೆಯ ಹಳ್ಳಿಯವಳು. ಸಂಘದ ಸಾಲ ಐದು ಕಂಪನಿಯಿಂದ ತಗೊಂಡೀನಿ, ಅದರಾಗ ಒಂದು ಪಕ್ಕದ ಮನಿಯವರಿಗೆ ನನ್ನ ಹೆಸರಿಂದ ತೆಗೆದುಕೊಟ್ಟದ್ದು. ವಾರದ ಕಂತು ಒಟ್ಟು 2,900. ನಮ್ಮಿಬ್ಬರ ದುಡಿಮೆ ತಿಂಗಳಿಗೆ 14,000. ಕಂತು ತಪ್ಪಿದರ ರಾತ್ರಿ ಒಂಬತ್ತರ ತನಕ ಕಟ್ಟಿ ಮ್ಯಾಲೆ ಬಂದು ಕೂಡ್ತಾರ. ಸಾಲ ಮನ್ನಾ ಆಗೇತಿ ಅಂತ ಕೆಲವರು ಹೇಳ್ತಾರ, ಖರೇನ?

ಅಕ್ಕಾ, ಮೊದಲು ಮನ್ನಾದ ಮಾತು. ಕರ್ನಾಟಕ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯಾಗಿ ತಂದು ನಂತರ ಕಾಯ್ದೆ ಮಾಡಿದ ಕಿರುಸಾಲ ಕಾನೂನು, ಸಾಲ ವಸೂಲಿಯ ಕಿರುಕುಳಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ ಇಟ್ಟಿದೆ. ಪರವಾನಗಿ, ನೋಂದಣಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ತೀರಿದಂತೆ ಎಂದೂ ಹೇಳಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಕಂಪನಿಯ ಸಾಲ ಮನ್ನಾ ಆಗಿಲ್ಲ. ಆಗಿದೆ ಎಂದು ನಂಬಿ ಕಂತು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ, ಜೊತೆಗೆ ಸಂಘದ ಹೆಣ್ಣುಮಕ್ಕಳೊಂದಿಗೆ ನಿಷ್ಠುರ.

ಐದೂ ಲೋನ್ ಕಾರ್ಡ್ ತೆಗೆದಿಡಿ. ಕಾರ್ಡ್ ನಿಮಗೆ ಅರ್ಥವಾಗುವ ಭಾಷೆಯಲ್ಲಿ ಇರಬೇಕು, ದೂರು ಹೇಳುವ ಫೋನ್ ನಂಬರ್ ಅದರ ಮೇಲೆ ಇರಬೇಕು. ರಿಸರ್ವ್ ಬ್ಯಾಂಕಿನ 2022ರ ನಿಯಮದಂತೆ, ವರ್ಷಕ್ಕೆ 3 ಲಕ್ಷದೊಳಗಿನ ಆದಾಯದ ಮನೆಗೆ ಇಂಥ ಸಾಲ ಕೊಡುವಾಗ ಎಲ್ಲ ಸಾಲಗಳ ತಿಂಗಳ ಕಂತು ಮನೆಯ ಆದಾಯದ ಅರ್ಧ ದಾಟಬಾರದು. ನಿಮಗೆ ಆ ಮಿತಿ 7,000. ನೀವು ಕಟ್ಟುತ್ತಿರುವುದು ಹನ್ನೆರಡೂವರೆ ಸಾವಿರ. ಅಂದರೆ ಕೊನೆಗೆ ಕೊಟ್ಟ ಒಂದೆರಡು ಕಂಪನಿಗಳು ಲೆಕ್ಕ ನೋಡದೆ ಕೊಟ್ಟಿರಬೇಕು, ಅಥವಾ ಅರ್ಜಿಯಲ್ಲಿ ಆದಾಯ ಹೆಚ್ಚು ಬರೆದಿರಬೇಕು. ದೂರಿನಲ್ಲಿ ಇದನ್ನು ಬರೆಯಿರಿ. ಕಂಪನಿಗಳು ಇದಕ್ಕೆ ಉತ್ತರ ಹೇಳಲು ತಡಕಾಡುತ್ತವೆ.

ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ, ಅಂದರೆ ಸಂಘ ಸೇರುವಲ್ಲಿ ಆಗಬೇಕು. ಸತತ ಎರಡು ಸಲ ನೀವು ಅಲ್ಲಿಗೆ ಹೋಗದಿದ್ದರೆ ಮಾತ್ರ ಮನೆಗೆ ಬರಬಹುದು. ಹಾಗಾಗಿ ಕೈಯಲ್ಲಿ ದುಡ್ಡಿಲ್ಲದಿದ್ದರೂ ಸಂಘಕ್ಕೆ ಹೋಗಿ ಕೂಡಿರಿ, ನೂರಿದ್ದರೆ ನೂರೇ ಕಟ್ಟಿ ಕಾರ್ಡ್‌ನಲ್ಲಿ ಬರೆಸಿರಿ. ಇಂಥ ಕಿರುಸಾಲಕ್ಕೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ಮೇಲೆ ಬರುವಂತಿಲ್ಲ. ಬಂದು ಕೂತರೆ ಮೊಬೈಲಿನಲ್ಲಿ ಗಡಿಯಾರ ಕಾಣುವಂತೆ ವಿಡಿಯೊ ಮಾಡಿ, ಬೆದರಿಸಿದರೆ 112ಕ್ಕೆ ಕರೆ ಮಾಡಿ.

ಆಮೇಲೆ ಐದೂ ಶಾಖೆಗೆ ಒಂದೇ ಥರದ ಅರ್ಜಿ: ‘ವಾರದ ಕಂತನ್ನು ತಿಂಗಳಿಗೆ ಬದಲಿಸಿ, ಅವಧಿ ಹೆಚ್ಚಿಸಿ, ತಿಂಗಳಿಗೆ ಇಷ್ಟು ಕಟ್ಟಬಲ್ಲೆ.’ ಇನ್ನೊಂದು ಪ್ರತಿಗೆ ಶಾಖೆಯ ಸೀಲು ಹಾಕಿಸಿಕೊಳ್ಳಿ. ಒಪ್ಪದಿದ್ದರೆ ಜಿಲ್ಲಾಧಿಕಾರಿ ಕಚೇರಿಗೂ ಒಂಬುಡ್ಸ್‌ಮನ್‌ಗೂ ಅದೇ ಪ್ರತಿ. ಬರೆಯಲು ಕಷ್ಟವಾದರೆ ತಾಲ್ಲೂಕು ಕೋರ್ಟಿನ ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ಸಹಾಯ ಉಚಿತ. ಫೋನ್ 15100.

ಪಕ್ಕದ ಮನೆಯವರಿಗೆ ಕೊಟ್ಟ ಸಾಲ ಕಾನೂನಿನ ಕಣ್ಣಿಗೆ ನಿಮ್ಮದೇ. ‘ಇದರ ಹಣ ಪಡೆದವರು ನಾವು, ಕಂತು ನಾವು ಕೊಡಬೇಕು’ ಎಂದು ಇಬ್ಬರು ಸಾಕ್ಷಿಗಳ ಎದುರು ಅವರಿಂದ ಬರೆಸಿಕೊಳ್ಳಿ. ಸ್ನೇಹ ಇರುವಾಗಲೇ ಬರೆಸಿಕೊಳ್ಳಬೇಕು, ಜಗಳವಾದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ಆಪ್‌ನಲ್ಲಿ 5,000 ಕೇಳಿದೆ, ಕೈಗೆ ಬಂದದ್ದು 3,100. ಏಳನೇ ದಿನಕ್ಕೆ 5,000 ಕಟ್ಟು, ಇಲ್ಲದಿದ್ದರೆ ನಿನ್ನ ಫೋಟೊ ತಿರುಚಿ ಎಲ್ಲರಿಗೂ ಕಳಿಸುತ್ತೇವೆ ಅನ್ನುತ್ತಿದ್ದಾರೆ. (ಕಾಲೇಜು ವಿದ್ಯಾರ್ಥಿನಿ, ಮೈಸೂರು)

ಹೆದರಿ ಹಣ ಕಳಿಸಬೇಡಮ್ಮ. ಒಮ್ಮೆ ಕಳಿಸಿದರೆ ‘ಕಟ್ಟುವವಳು’ ಎಂದು ಗುರುತಿಟ್ಟುಕೊಂಡು ಮತ್ತೆ ಕೇಳುತ್ತಾರೆ. ಮೊದಲು ಸ್ಕ್ರೀನ್‌ಶಾಟ್: ಬೆದರಿಕೆಯ ಮೆಸೇಜು, ಕರೆ ಬಂದ ನಂಬರ್, ಹಣ ಕಟ್ಟಲು ಕೊಟ್ಟ ಯುಪಿಐ ಐಡಿ, ಆಪ್‌ನ ಹೆಸರು. ಇವೆಲ್ಲ ಸೇವ್ ಆದ ಮೇಲೆ ಆಪ್‌ನ ಅನುಮತಿಗಳನ್ನು ತೆಗೆದು ಅನ್‌ಇನ್‌ಸ್ಟಾಲ್ ಮಾಡು. ಮೊದಲೇ ತೆಗೆದರೆ ಸಾಕ್ಷ್ಯ ಹೋಗುತ್ತದೆ. ನಂತರ 1930ಕ್ಕೆ ಕರೆ, ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು, ಹತ್ತಿರದ ಸಿಇಎನ್ (ಸೈಬರ್ ಅಪರಾಧದ) ಠಾಣೆ. ಮನೆಯಲ್ಲಿ ಒಬ್ಬರಿಗೆ ಇವತ್ತೇ ಹೇಳು. ಕಾಂಟ್ಯಾಕ್ಟ್‌ನಲ್ಲಿರುವವರಿಗೆ ‘ನನ್ನ ಫೋನ್ ದುರುಪಯೋಗವಾಗಿದೆ, ಏನಾದರೂ ಬಂದರೆ ತೆರೆಯಬೇಡಿ’ ಎಂದು ನೀನೇ ಮೊದಲು ಕಳಿಸಿಬಿಟ್ಟರೆ ಅವರ ಬೆದರಿಕೆಗೆ ಬೆಲೆ ಉಳಿಯುವುದಿಲ್ಲ.

ನಿಯಮಬದ್ಧ ಆಪ್ ಕಾಂಟ್ಯಾಕ್ಟ್, ಗ್ಯಾಲರಿ ಮುಟ್ಟುವಂತಿಲ್ಲ. ಹಣ ಬ್ಯಾಂಕ್ ಅಥವಾ ಎನ್‌ಬಿಎಫ್‌ಸಿ (ಬ್ಯಾಂಕೇತರ ಹಣಕಾಸು ಸಂಸ್ಥೆ) ಖಾತೆಯಿಂದ ನೇರ ಬರಬೇಕು. ಬಡ್ಡಿ, ಶುಲ್ಕಗಳ ಒಟ್ಟು ವಾರ್ಷಿಕ ದರ ತೋರಿಸುವ ಪುಟವನ್ನು ಮೊದಲೇ ಕೊಡಬೇಕು. ಬೇಡವೆನಿಸಿದರೆ ದಂಡವಿಲ್ಲದೆ ಅಸಲು ಮತ್ತು ಅಷ್ಟು ದಿನದ ಬಡ್ಡಿ ವಾಪಸ್ ಮಾಡಲು ಕನಿಷ್ಠ ಒಂದು ದಿನ ಇರಬೇಕು. ಅಧಿಕೃತ ಆಪ್‌ಗಳ ಪಟ್ಟಿ ರಿಸರ್ವ್ ಬ್ಯಾಂಕಿನ ವೆಬ್‌ಸೈಟ್‌ನಲ್ಲಿದೆ.

ದಾವಣಗೆರೆಯಲ್ಲಿ ಅಂಗಡಿ ಇದೆ. ಒಬ್ಬರ ಬಳಿ ನೂರಕ್ಕೆ ಹತ್ತರಂತೆ ಮೀಟರ್ ಬಡ್ಡಿಗೆ 2 ಲಕ್ಷ ತಂದೆ. 14 ತಿಂಗಳು ತಪ್ಪದೆ 20,000 ಕೊಟ್ಟಿದ್ದೇನೆ, ಅಸಲು ಹಾಗೇ ಇದೆ ಅನ್ನುತ್ತಾರೆ. ಸಹಿ ಮಾಡಿದ ಎರಡು ಖಾಲಿ ಚೆಕ್ ಅವರ ಬಳಿ ಇವೆ.

ನೀವು ಕೊಟ್ಟದ್ದು 2,80,000. ಕರ್ನಾಟಕದಲ್ಲಿ ಲೇವಾದೇವಿಯವರು ವರ್ಷಕ್ಕೆ ಆಧಾರವಿರುವ ಸಾಲಕ್ಕೆ ಶೇ 14, ಇಲ್ಲದ್ದಕ್ಕೆ ಶೇ 16 ಬಡ್ಡಿ ತೆಗೆದುಕೊಳ್ಳಬಹುದು. ನೀವು ತಂದದ್ದು ವರ್ಷಕ್ಕೆ ಶೇ 120. ಶೇ 16ರಂತೆ 2 ಲಕ್ಷಕ್ಕೆ 14 ತಿಂಗಳ ಬಡ್ಡಿ 37,333. ಅಸಲೂ ಸೇರಿ 2,37,333. ಆ ಲೆಕ್ಕದಲ್ಲಿ ನೀವೇ 42,667 ಹೆಚ್ಚು ಕೊಟ್ಟಿದ್ದೀರಿ. ಕೋರ್ಟು ಹೀಗೇ ಹೇಳುತ್ತದೆಂದು ಭರವಸೆ ಕೊಡಲಾಗದು, ಆದರೆ ಮಾತುಕತೆಗೆ ಕೂರುವಾಗ ಈ ಚೀಟಿ ಕೈಯಲ್ಲಿರಲಿ. ಅವರಿಗೆ ಲೇವಾದೇವಿ ಪರವಾನಗಿ ಇದೆಯೇ ಎಂದು ಸಹಕಾರ ಇಲಾಖೆಯ ಸಹಾಯಕ ನಿಬಂಧಕರ ಕಚೇರಿಯಲ್ಲಿ ಕೇಳಿ. ಮೀಟರ್ ಬಡ್ಡಿಯ ಮೇಲೆ 2004ರ ವಿಪರೀತ ಬಡ್ಡಿ ನಿಷೇಧ ಕಾಯ್ದೆಯಡಿ ಪೊಲೀಸ್ ದೂರು ಕೊಡಬಹುದು.

ನಿಜವಾದ ಅಪಾಯ ಆ ಎರಡು ಚೆಕ್. ಖಾಲಿ ಚೆಕ್‌ಗೆ ಬೆಲೆಯಿಲ್ಲ ಎಂಬುದು ತಪ್ಪು ತಿಳಿವಳಿಕೆ. ಸಹಿ ನಿಮ್ಮದಾದರೆ ಸಾಲ ಇದೆ ಎಂದೇ ಕೋರ್ಟು ಊಹಿಸಿಕೊಂಡು ಹೊರಡುತ್ತದೆ, ಅಲ್ಲ ಎಂದು ತೋರಿಸುವ ಹೊಣೆ ನಿಮ್ಮದು. ಸ್ಟಾಪ್ ಪೇಮೆಂಟ್ ಹಾಕಿಸಿದರೂ 138ನೇ ಕಲಮಿನ (ಚೆಕ್ ಬೌನ್ಸ್) ಕೇಸು ಬರಬಹುದು. ಆದ್ದರಿಂದ ಈಗಲೇ ವಕೀಲರ ಮೂಲಕ ನೋಟಿಸ್ ಕಳಿಸಿ. ಚೆಕ್ ನಂಬರ್, ಅವು ಭದ್ರತೆಗೆ ಕೊಟ್ಟವು ಎಂಬುದು, ಯಾವ ತಿಂಗಳು ಎಷ್ಟು ಕೊಟ್ಟಿರಿ ಎಂಬುದು ಅದರಲ್ಲಿರಲಿ. ಅವರಿಂದ ಚೆಕ್ ಬೌನ್ಸ್ ನೋಟಿಸ್ ಬಂದರೆ ಕೈಗೆ ಸಿಕ್ಕ ದಿನದಿಂದ 15 ದಿನ ಸಮಯ. ಅಂಚೆಯವನಿಗೆ ‘ಮನೆಯಲ್ಲಿಲ್ಲ’ ಅನ್ನಿಸಿ ತಪ್ಪಿಸಿಕೊಳ್ಳಬೇಡಿ. ಸರಿಯಾದ ವಿಳಾಸಕ್ಕೆ ಬಂದದ್ದು ತಲುಪಿದಂತೆಯೇ, ಉತ್ತರ ಕೊಡುವ ಅವಕಾಶ ಮಾತ್ರ ಹೋಗುತ್ತದೆ. ಇನ್ನು ಮುಂದೆ ಒಂದು ರೂಪಾಯಿಯನ್ನೂ ನಗದು ಕೊಡಬೇಡಿ. ಯುಪಿಐ ಅಥವಾ ಬ್ಯಾಂಕ್ ಮೂಲಕ ಕೊಟ್ಟು ‘ಸಾಲದ ಬಾಬ್ತು’ ಎಂದು ಬರೆಯಿರಿ.

ಅಂಗಡಿಯವರು ದಿನದ ಪಿಗ್ಮಿ ಥರದ ಸಾಲಕ್ಕೂ ಬೀಳುತ್ತಾರೆ, ಅದನ್ನೂ ಹೇಳಿಬಿಡೋಣ. 10,000ದಲ್ಲಿ ಸಾವಿರ ಹಿಡಿದು 9,000 ಕೊಟ್ಟು, ದಿನಕ್ಕೆ ನೂರರಂತೆ ನೂರು ದಿನ ವಸೂಲಿ. ಕೇಳಲು ಶೇ 10. ಪ್ರತಿದಿನ ಅಸಲು ಕರಗುತ್ತಿರುವುದರಿಂದ ನಿಜವಾದ ವಾರ್ಷಿಕ ಬಡ್ಡಿ ಶೇ 77ರ ಸುಮಾರು.

ಗದಗ ಕಡೆಯವರು. ಬೋರು ಎರಡು ಸಲ ಫೇಲಾದವು. ಸೊಸೈಟಿ ಸಾಲ, ಕೈಗಡ ಸೇರಿ ಆರು ಲಕ್ಷ. ನಮ್ಮ ಮನಿಯವರು ರಾತ್ರಿ ನಿದ್ದಿ ಮಾಡೂದಿಲ್ಲ, ‘ನಾ ಇಲ್ಲಂದ್ರ ನಿಮಗ ಛಲೋ’ ಅಂತಾರ. ಎತ್ತು, ಮನಿ ಜಪ್ತಿ ಆಗತೈತಿ ಅಂತ ಹೆದರ್ಯಾರ.

ಈ ಪತ್ರಕ್ಕೆ ಅಂಚೆಯಲ್ಲೂ ಉತ್ತರ ಕಳಿಸಿದ್ದೇವೆ. ಸಾಲದ ಮಾತು ಆಮೇಲೆ. ಅವರು ಹಾಗೆ ಅಂದದ್ದನ್ನು ಬೇಸರದ ಮಾತು ಎಂದು ಬಿಡಬೇಡಿ. ‘ಸಾಯಬೇಕು ಅನಸತೈತೇನು?’ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ, ಕೇಳಿದವರಿಗೆ ಹೆಚ್ಚಿನವರು ಮನಸ್ಸು ಬಿಚ್ಚುತ್ತಾರೆ. ಹೊಲಕ್ಕೆ ಹೊಡೆಯುವ ಎಣ್ಣೆ ಮನೆಯಲ್ಲೂ ಹೊಲದ ಗುಡಿಸಲಲ್ಲೂ ಇರಬಾರದು. ಇವತ್ತೇ ಬೇರೆಯವರ ಮನೆಗೆ ಸಾಗಿಸಿ, ಕೀಲಿ ಆ ಮನೆಯವರ ಹತ್ತಿರವೇ ಇರಲಿ. ಕೆಲವು ದಿನ ನಿಮ್ಮ ಯಜಮಾನರನ್ನು ಒಬ್ಬರನ್ನೇ ಬಿಡಬೇಡಿ, ಅವರು ಮಾತು ಕೇಳುವ ಅಣ್ಣನೋ ಮಾವನೋ ಇದ್ದರೆ ಕರೆಸಿ. ಟೆಲಿ-ಮನಸ್ 14416 ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ನೀವೂ ಕರೆ ಮಾಡಬಹುದು. ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕರೆದೊಯ್ಯಿರಿ. ಬರಲು ಒಪ್ಪದಿದ್ದರೆ ನಿದ್ದೆಯ ಔಷಧಿಗೆಂದು ಹೇಳಿ ಕರೆದೊಯ್ದರೂ ಆದೀತು, ನಿದ್ದೆಗೆಡುವುದೂ ಈ ಕಾಯಿಲೆಯ ಭಾಗವೇ. ಆ ಕ್ಷಣಕ್ಕೆ ಅಪಾಯ ಕಂಡರೆ 112.

ಜಪ್ತಿಯ ಭಯಕ್ಕೆ ಉತ್ತರವನ್ನು ಅವರಿಗೆ ಓದಿ ಹೇಳಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮು ಸಾಮಾನ್ಯ ಸಾಲದ ಡಿಕ್ರಿಗೆ (ಕೋರ್ಟಿನ ತೀರ್ಪಿಗೆ) ಕೆಲವನ್ನು ಜಪ್ತಿ ಮಾಡದಂತೆ ತಡೆಯುತ್ತದೆ: ರೈತನ ಉಳುಮೆಯ ಸಲಕರಣೆ, ಬದುಕಿಗೆ ಬೇಕಾದ ಎತ್ತು, ಬಿತ್ತನೆ ಬೀಜ, ತಾನು ವಾಸಿಸುವ ಮನೆ, ಅಡುಗೆ ಪಾತ್ರೆ, ಹಾಸಿಗೆ, ಹೆಂಡತಿಯ ತಾಳಿ. ಕೋರ್ಟಿಗೆ ಹೋಗದೆ ಅಡಮಾನದ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕುಗಳಿಗಿರುವ ಸರ್ಫೇಸಿ ಕಾಯ್ದೆ ಕೃಷಿ ಜಮೀನಿಗೆ ಅನ್ವಯಿಸುವುದಿಲ್ಲ. ಸಾಲಕ್ಕೆ ಅಡಮಾನವೆಂದೇ ಬರೆದುಕೊಟ್ಟ ಆಸ್ತಿಯ ಮಾತು ಬೇರೆ, ಆ ಪತ್ರವನ್ನು ಕಾನೂನು ಸೇವಾ ಸಮಿತಿಯ ವಕೀಲರಿಗೆ ತೋರಿಸಿ. ಸಾಲ ಕಟ್ಟಲಾಗದ್ದು ಅಪರಾಧವಲ್ಲ, ಅದಕ್ಕಾಗಿ ಪೊಲೀಸರು ಹಿಡಿದೊಯ್ಯುವಂತಿಲ್ಲ. ಸೊಸೈಟಿಯಲ್ಲಿ ಬೆಳೆ ಸಾಲದ ಅವಧಿ ಬದಲಿಸಲು ಕೇಳಿ. ಬರ ಘೋಷಣೆಯಾದ ತಾಲ್ಲೂಕಾದರೆ ಅದಕ್ಕೆ ದಾರಿಯಿದೆ. ಈ ಓಡಾಟ ನೀವೋ ಮಗನೋ ಮಾಡಿ, ಸದ್ಯಕ್ಕೆ ಅವರ ಮೇಲೆ ಹಾಕಬೇಡಿ.

ಸಹೋದ್ಯೋಗಿಯ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಕಟ್ಟುತ್ತಿಲ್ಲ, ನೋಟಿಸ್ ನನಗೆ ಬಂದಿದೆ. ಸೆಟ್ಲ್‌ಮೆಂಟ್ ಮಾಡಿಕೊಂಡರೆ ಯಾವ ಕಾಗದ ತೆಗೆದುಕೊಳ್ಳಬೇಕು? (ಶಿಕ್ಷಕರು, ಕೋಲಾರ)

ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ದೊಡ್ಡದು. ಅವರನ್ನು ಬಿಟ್ಟು ನೇರ ನಿಮ್ಮ ಮೇಲೆಯೇ ಬರಬಹುದು. ಡಿಕ್ರಿ ಆದರೆ ಸಂಬಳದಲ್ಲಿ ಮೊದಲ 1,000 ಮತ್ತು ಉಳಿದದ್ದರ ಮೂರನೇ ಎರಡು ಭಾಗ ಮುಟ್ಟುವಂತಿಲ್ಲ. 31,000 ಸಂಬಳವಾದರೆ ಹೆಚ್ಚೆಂದರೆ 10,000. ಸಂಬಳದಿಂದ ಕಡಿತಕ್ಕೆ ನೀವೇ ಒಪ್ಪಿ ಸಹಿ ಹಾಕಿದ್ದರೆ ಈ ರಕ್ಷಣೆ ಅಲ್ಲಿ ನಡೆಯಲಿಕ್ಕಿಲ್ಲ. ನೀವು ಕಟ್ಟಿದ ಪ್ರತಿ ಪೈಸೆಯನ್ನೂ ಸಹೋದ್ಯೋಗಿಯಿಂದ ವಸೂಲು ಮಾಡುವ ಹಕ್ಕು ನಿಮಗಿದೆ, ಹಾಗಾಗಿ ರಸೀದಿ ನಿಮ್ಮ ಹೆಸರಿನಲ್ಲಿರಲಿ.

ಸೆಟ್ಲ್‌ಮೆಂಟ್ ಆದರೆ ಹಣ ಕೊಡುವ ಮೊದಲು ಸಂಸ್ಥೆಯ ಲೆಟರ್‌ಹೆಡ್‌ನಲ್ಲಿ ಪತ್ರ ಪಡೆಯಿರಿ. ಸಾಲದ ಖಾತೆ ಸಂಖ್ಯೆ, ಒಪ್ಪಿದ ಮೊತ್ತ, ಕಟ್ಟುವ ತಾರೀಖು, ‘ಸಾಲಗಾರ, ಜಾಮೀನುದಾರ ಇಬ್ಬರಿಂದಲೂ ಬೇರೆ ಬಾಕಿ ಇಲ್ಲ’ ಎಂಬ ಸಾಲು ಅದರಲ್ಲಿರಬೇಕು. ಏಜೆಂಟನ ವಾಟ್ಸಾಪ್ ಮಾತು ಸಾಲದು, ಹಣ ಅವನ ಖಾತೆಗೆ ಬೇಡ. ಕೇಸು ಕೋರ್ಟಿನಲ್ಲಿದ್ದರೆ ಲೋಕ ಅದಾಲತ್‌ನಲ್ಲೇ ಮುಗಿಸಿ, ಅಲ್ಲಿನ ರಾಜಿಗೆ ಡಿಕ್ರಿಯ ಬಲವಿದೆ, ಮೇಲ್ಮನವಿ ಇಲ್ಲ. ಕಟ್ಟಿದ ಮೇಲೆ ನೋ ಡ್ಯೂ ಪತ್ರ, ಕೊಟ್ಟ ಚೆಕ್‌ಗಳು ವಾಪಸ್, ಆಟೊ ಡೆಬಿಟ್ ರದ್ದು. ಆಸ್ತಿ ಪತ್ರ ಇಟ್ಟಿದ್ದರೆ ಸಾಲ ತೀರಿದ 30 ದಿನದೊಳಗೆ ಅದನ್ನು ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ಪರಿಹಾರ.

ಎರಡು ತಿಂಗಳು ಬಿಟ್ಟು ಕ್ರೆಡಿಟ್ ವರದಿ ತೆಗೆದು ನೋಡಿ. ಸಿಬಿಲ್ ಸೇರಿ ನಾಲ್ಕೂ ಸಂಸ್ಥೆಗಳು ವರ್ಷಕ್ಕೊಂದು ಪೂರ್ಣ ವರದಿ ಉಚಿತ ಕೊಡಬೇಕು. ರಿಯಾಯಿತಿಯಲ್ಲಿ ಮುಗಿಸಿದ್ದು ‘ಸೆಟಲ್ಡ್’ ಎಂದು ಕಾಣುತ್ತದೆ, ಪೂರ್ತಿ ಕಟ್ಟಿದರೆ ಮಾತ್ರ ‘ಕ್ಲೋಸ್ಡ್’. ಇನ್ನೂ ಬಾಕಿ ತೋರಿಸುತ್ತಿದ್ದರೆ ನೋ ಡ್ಯೂ ಪತ್ರ ಲಗತ್ತಿಸಿ ದೂರು ಹಾಕಿ. 30 ದಿನ ಮೀರಿದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೇಳಿ.